ಸ್ಟೆಮ್ ಸೆಲ್ ಮುಪ್ಪಿಗೆ ನ್ಯಾನೋ ಆಂಟಿಆಕ್ಸಿಡೆಂಟ್: ಡಿಶ್‌ನಲ್ಲಿ ಆಗಿದ್ದು ಮೈಯಲ್ಲೂ ಆಗುತ್ತಾ?

ಪ್ರಶ್ನೆ: ಮೇಡಂ, ನಾನು ಬಿಎಸ್ಸಿ ಮುಗಿಸಿ ಆಯ್ತು, ಆದ್ರೆ ಬಯಾಲಜಿ ಓದೋ ಹುಚ್ಚು ಇನ್ನೂ ಹೋಗಿಲ್ಲ. ಸೀರಿಯಂ ಆಕ್ಸೈಡ್ ಥರದ ನ್ಯಾನೋ ಕಣಗಳು ಸ್ಟೆಮ್ ಸೆಲ್‌ಗಳಿಗೆ ವಯಸ್ಸಾಗೋದನ್ನ ನಿಧಾನ ಮಾಡ್ತವೆ ಅಂತ ಓದಿದೆ. ವಿಟಮಿನ್ ಸಿ, ಇ ಮಾತ್ರೆ ಕೈಲಿ ಆಗದೇ ಇದ್ದದ್ದು ಈ ಕಣಗಳ ಕೈಲಿ ಹೇಗಾಗುತ್ತೆ? ಇನ್ನೊಂದು ವಿಷಯ, ನಮ್ಮ ತಂದೆಗೆ 64 ವರ್ಷ, ಮಂಡಿ ನೋವಿದೆ. ಅವರ ಸ್ನೇಹಿತರೊಬ್ರು ಸಿ60 ಎಣ್ಣೆ ಅಂತ ಒಂದು ಬಾಟಲಿ ತಂದುಕೊಟ್ಟು, ಇದು ನ್ಯಾನೋ ಆಂಟಿಆಕ್ಸಿಡೆಂಟು, ದಿನಾ ಒಂದು ಚಮಚ ಕುಡಿದ್ರೆ ಸ್ಟೆಮ್ ಸೆಲ್ ಮತ್ತೆ ಎಳೇದಾಗುತ್ತೆ ಅಂದಿದಾರೆ. ಕುಡೀಬಹುದಾ?

ಉತ್ತರ: ಮೊದಲು ಬಾಟಲಿ ವಿಷಯ ಹೇಳ್ಬಿಡ್ತೀನಿ, ಕುಡಿಯೋದು ಬೇಡ. ಯಾಕೆ ಅಂತ ಮುಂದೆ ಬರ್ತೀನಿ, ಆದ್ರೆ ನೀವು ಇದನ್ನ ಪೂರ್ತಿ ಓದಿ ಮುಗಿಸೋ ತನಕ ಅವರು ಇನ್ನೊಂದು ಚಮಚ ಕುಡಿಯೋದು ನನಗೆ ಇಷ್ಟ ಇಲ್ಲ, ಅದಕ್ಕೆ ಮೊದಲೇ ಹೇಳಿದ್ದು.

ಈಗ ನಿಮ್ಮ ಮೊದಲ ಪ್ರಶ್ನೆ. ನಾನು ಮೂಳೆ ಮಜ್ಜೆಯಿಂದ ತೆಗೆದ ಮೀಸೆನ್‌ಕೈಮಲ್ ಸ್ಟೆಮ್ ಸೆಲ್ (ಮೂಳೆ, ಕೊಬ್ಬು ಥರದ ಸೆಲ್ ಆಗಬಲ್ಲ ಮೂಲ ಸೆಲ್) ಬೆಳೆಸೋ ಕೆಲಸದಲ್ಲೇ ವರ್ಷಗಟ್ಲೆ ಕಳೆದವಳು, ಹಾಗಾಗಿ ಮುಪ್ಪು ಅಂದ್ರೆ ನನಗೆ ಬರೀ ಪುಸ್ತಕದ ಮಾತಲ್ಲ, ಮೈಕ್ರೋಸ್ಕೋಪಲ್ಲಿ ಕಣ್ಣಿಗೆ ಕಾಣೋ ವಿಷಯ. ಹೊಸದಾಗಿ ತೆಗೆದ ಸೆಲ್‌ಗಳು ಸಣ್ಣಗೆ, ಉದ್ದಕ್ಕೆ, ಮೀನಿನ ಹಿಂಡು ಒಂದೇ ಕಡೆ ಈಜ್ತಿರೋ ಹಾಗೆ ಸಾಲಾಗಿ ಇರ್ತವೆ. ಡಿಶ್, ಅಂದ್ರೆ ಲ್ಯಾಬಲ್ಲಿ ಸೆಲ್ ಬೆಳೆಸೋ ತಟ್ಟೆ, ತುಂಬಿದ ಮೇಲೆ ಬಿಡಿಸಿ ಬೇರೆ ಡಿಶ್‌ಗೆ ಹಾಕ್ತೀವಿ, ಅದು ತುಂಬಿದ್ರೆ ಮತ್ತೆ ಬೇರೆದಕ್ಕೆ, ಹೀಗೆ ಏಳೆಂಟು ಸಲ ಆಗೋಷ್ಟರಲ್ಲಿ ಅಲ್ಲಲ್ಲಿ ಅಗಲವಾಗಿ, ಚಪ್ಪಟೆಯಾಗಿ, ಎಲೆ ಹರಡಿದ ಹಾಗೆ ಬಿದ್ಕೊಂಡಿರೋ ಸೆಲ್‌ಗಳು ಕಾಣಿಸ್ತವೆ. ಅವು ಸತ್ತಿಲ್ಲ. ತಿಂತವೆ, ಉಸಿರಾಡ್ತವೆ, ಆದ್ರೆ ಇನ್ನು ಎರಡಾಗಿ ಒಡೆಯಲ್ಲ. ಅಷ್ಟೇ ಆಗಿದ್ರೆ ಪರವಾಗಿಲ್ಲ, ಸುಮ್ಮನೆ ಕೂತಿರದೆ ಉರಿಯೂತ ಹೆಚ್ಚಿಸೋ ಪ್ರೋಟೀನ್‌ಗಳನ್ನ ಸುರಿಸ್ತಾ ಪಕ್ಕದ ಎಳೆ ಸೆಲ್‌ಗಳನ್ನೂ ಕೆಡಿಸ್ತವೆ. ಜೊತೆಗೆ ಇನ್ನೊಂದು, ಎಳೇದಿದ್ದಾಗ ಮೂಳೆ ಆಗು ಅಂದ್ರೆ ಮೂಳೆ ಕಡೆ ಹೋಗ್ತಿದ್ದ ಸೆಲ್ಲು ವಯಸ್ಸಾದ ಮೇಲೆ ಕೊಬ್ಬಿನ ಸೆಲ್ ಆಗೋ ಕಡೆ ವಾಲುತ್ತೆ. ವಯಸ್ಸಾದವರ ಮೂಳೆ ತೆಳ್ಳಗಾಗಿ ಮಜ್ಜೆಯಲ್ಲಿ ಕೊಬ್ಬು ತುಂಬ್ಕೊಳ್ಳೋದಕ್ಕೆ ಇದೂ ಒಂದು ಕಾರಣ.

ಸೆಲ್‌ಗಳು ಹೀಗೆ ಒಂದು ಹಂತಕ್ಕೆ ಬಂದು ನಿಂತ್ಬಿಡ್ತವೆ ಅಂತ 1961ರಲ್ಲಿ ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ ತೋರಿಸಿದ್ರು. ಅವರು ನೋಡಿದ್ದು ಸ್ಟೆಮ್ ಸೆಲ್ ಅಲ್ಲ, ಮನುಷ್ಯರ ಫೈಬ್ರೋಬ್ಲಾಸ್ಟ್, ಅಂದ್ರೆ ಚರ್ಮದಂಥ ಅಂಗಾಂಶಕ್ಕೆ ಆಧಾರ ಕಟ್ಟೋ ಸೆಲ್, ಅದು ಸುಮಾರು 40ರಿಂದ 60 ಸಲ ಒಡೆದು ನಿಲ್ತಿತ್ತು. ಕ್ರೋಮೋಸೋಮ್ ತುದಿಯಲ್ಲಿರೋ ಟೆಲೋಮಿಯರ್ ಪ್ರತಿ ಸಲ ಸ್ವಲ್ಪ ಸ್ವಲ್ಪ ಸವೆಯುತ್ತೆ ಅನ್ನೋದು ಅದಕ್ಕೊಂದು ದೊಡ್ಡ ಕಾರಣ ಅಂತ ಆಮೇಲೆ ಗೊತ್ತಾಯ್ತು, ಟೆಲೋಮಿಯರ್ ಕೆಲಸಕ್ಕೆ 2009ರಲ್ಲಿ ನೊಬೆಲ್ ಕೂಡ ಬಂತು. ಆದ್ರೆ ಈ ಸವೆತ ಬರೀ ಲೆಕ್ಕದ ಪ್ರಕಾರ ಆಗಲ್ಲ, ಟೆಲೋಮಿಯರ್‌ನಲ್ಲಿ ಗ್ವಾನೀನ್ ಅನ್ನೋ ಡಿಎನ್‌ಎ ಅಕ್ಷರ ಜಾಸ್ತಿ, ಗ್ವಾನೀನ್ ಬಹಳ ಬೇಗ ಆಕ್ಸಿಡೈಸ್ ಆಗುತ್ತೆ, ಹಾಗಾಗಿ ಆಕ್ಸಿಡೇಟಿವ್ ಸ್ಟ್ರೆಸ್, ಅಂದ್ರೆ ಆಕ್ಸಿಡೈಸ್ ಮಾಡೋ ವಸ್ತುಗಳ ಕಾಟ, ಜಾಸ್ತಿ ಇದ್ದಲ್ಲಿ ಸವೆತನೂ ಜೋರು. ನಿಮ್ಮ ನ್ಯಾನೋ ಕಣ ಕಥೆಯೊಳಗೆ ಬರೋದು ಇಲ್ಲಿಂದ.

ಸೆಲ್ ಒಳಗೆ ಮೈಟೋಕಾಂಡ್ರಿಯಾ ಶಕ್ತಿ ತಯಾರಿಸುವಾಗ ಸ್ವಲ್ಪ ಎಲೆಕ್ಟ್ರಾನ್ ಸೋರಿ ಆಕ್ಸಿಜನ್‌ಗೆ ಅಂಟ್ಕೊಳ್ಳುತ್ತೆ, ಅದು ಸೂಪರ್‌ಆಕ್ಸೈಡ್. ಎಸ್‌ಒಡಿ ಅನ್ನೋ ಕಿಣ್ವ ಅದನ್ನ ಹೈಡ್ರೋಜನ್ ಪೆರಾಕ್ಸೈಡ್ ಮಾಡುತ್ತೆ, ಕ್ಯಾಟಲೇಸ್ ಅನ್ನೋ ಇನ್ನೊಂದು ಕಿಣ್ವ ಅದನ್ನ ನೀರು ಮತ್ತೆ ಆಕ್ಸಿಜನ್ ಮಾಡಿ ಮುಗಿಸುತ್ತೆ. ಎಲ್ಲ ಸರಿಯಾಗಿ ನಡೆದ್ರೆ ಕಥೆ ಅಲ್ಲಿಗೇ ಮುಗೀತು. ಆದ್ರೆ ಕ್ಯಾಟಲೇಸ್‌ಗಿಂತ ಮುಂಚೆ ಪೆರಾಕ್ಸೈಡ್‌ಗೆ ಬಿಡಿ ಕಬ್ಬಿಣ ಸಿಕ್ಕಿಬಿಟ್ರೆ ಹೈಡ್ರಾಕ್ಸಿಲ್ ರ್‍ಯಾಡಿಕಲ್ ಹುಟ್ಟುತ್ತೆ, ಅದು ಡಿಎನ್‌ಎ ಆಗ್ಲಿ ಕೊಬ್ಬಾಗ್ಲಿ ಪ್ರೋಟೀನ್ ಆಗ್ಲಿ, ಪಕ್ಕದಲ್ಲಿ ಏನು ಸಿಕ್ಕುತ್ತೋ ಅದನ್ನ ಹುಟ್ಟಿದ ಕ್ಷಣದಲ್ಲೇ ಸುಟ್ಟುಬಿಡುತ್ತೆ. ಅದನ್ನ ಹಿಡಿಯೋಕೆ ಯಾವ ಆಂಟಿಆಕ್ಸಿಡೆಂಟ್‌ಗೂ ಟೈಮೇ ಇರಲ್ಲ. ಹಿಡಿಯೋದಾದ್ರೆ ಅದಕ್ಕಿಂತ ಎರಡು ಮೆಟ್ಟಿಲು ಹಿಂದೇನೇ, ಸೂಪರ್‌ಆಕ್ಸೈಡ್ ಇದ್ದಾಗ, ಪೆರಾಕ್ಸೈಡ್ ಇದ್ದಾಗ ಹಿಡೀಬೇಕು.

ಇದು ಸ್ಟೆಮ್ ಸೆಲ್‌ಗೆ ನಿಜವಾಗ್ಲೂ ಮುಖ್ಯನಾ ಅಂದ್ರೆ, ಹೌದು. 2004ರಲ್ಲಿ ಜಪಾನಿನ ಕೈಸುಕೆ ಇಟೊ, ತೋಶಿಯೊ ಸುಡಾ ಅವರ ತಂಡ ಎಟಿಎಂ ಅನ್ನೋ ಜೀನ್ ಇಲ್ಲದ ಇಲಿಗಳಲ್ಲಿ ರಕ್ತದ ಸ್ಟೆಮ್ ಸೆಲ್ ಬೇಗ ಸೋತುಹೋಗೋದನ್ನ ನೋಡಿತು, ಆ ಸೆಲ್‌ಗಳಲ್ಲಿ ಸೂಪರ್‌ಆಕ್ಸೈಡ್, ಪೆರಾಕ್ಸೈಡ್ ಥರದ ಆಕ್ಸಿಡೆಂಟ್‌ಗಳು (ಆಕ್ಸಿಡೈಸ್ ಮಾಡೋ ವಸ್ತುಗಳು, ಅಪಘಾತ ಅಲ್ಲ) ಏರಿದ್ವು, ಎನ್-ಅಸೆಟೈಲ್ ಸಿಸ್ಟೀನ್ ಅನ್ನೋ ಆಂಟಿಆಕ್ಸಿಡೆಂಟ್ ಕೊಟ್ರೆ ಸೆಲ್‌ಗಳು ಮತ್ತೆ ರಕ್ತ ತಯಾರಿಸೋ ಶಕ್ತಿ ಪಡ್ಕೊಂಡ್ವು. 2006ರಲ್ಲಿ ಅದೇ ತಂಡ ಇದರ ಮಧ್ಯದ ಕೊಂಡಿನೂ ತೋರಿಸ್ತು, ಆಕ್ಸಿಡೆಂಟ್ ಏರಿದ್ರೆ ಪಿ38 ಅನ್ನೋ ಸಿಗ್ನಲ್ ಎದ್ದು ಸ್ಟೆಮ್ ಸೆಲ್‌ಗಳ ನಿದ್ದೆ ಕೆಡಿಸುತ್ತೆ, ನಿದ್ದೆಗೆಟ್ಟು ಪದೇಪದೇ ಒಡೆದೂ ಒಡೆದೂ ಅವು ಖಾಲಿಯಾಗ್ತವೆ. ನನ್ನ ಇಡೀ ಕೆಲಸಕ್ಕೆ ದಾರಿ ತೋರಿಸಿದ ಪ್ರಯೋಗಗಳಲ್ಲಿ ಇವೆರಡೂ ಇವೆ.

ಹಾಗಾದ್ರೆ ವಿಟಮಿನ್ ಮಾತ್ರೆ ಯಾಕೆ ಸಾಲಲ್ಲ? ಡೆನ್‌ಹಮ್ ಹಾರ್ಮನ್ 1956ರಲ್ಲಿ ಮುಪ್ಪಿಗೆ ಸೂಪರ್‌ಆಕ್ಸೈಡ್ ಥರದ ಫ್ರೀ ರ್‍ಯಾಡಿಕಲ್ಲೇ ಕಾರಣ ಅಂದಾಗಿಂದ ಜನ ಇದನ್ನ ಪರೀಕ್ಷೆ ಮಾಡ್ತಾನೇ ಇದಾರೆ. ಫಿನ್‌ಲ್ಯಾಂಡ್‌ನಲ್ಲಿ 29,133 ಗಂಡಸರಿಗೆ, ಎಲ್ಲರೂ ಸಿಗರೇಟು ಸೇದೋರು, ಬೀಟಾ ಕ್ಯಾರೋಟಿನ್ ಮತ್ತೆ ವಿಟಮಿನ್ ಇ ಕೊಟ್ಟು ನೋಡಿದ್ರು, 1994ರಲ್ಲಿ ಫಲಿತಾಂಶ ಬಂದಾಗ ಬೀಟಾ ಕ್ಯಾರೋಟಿನ್ ತಗೊಂಡೋರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಮ್ಮಿ ಆಗೋ ಬದಲು ಶೇ 18ರಷ್ಟು ಜಾಸ್ತಿ ಇತ್ತು. ಸೆಲೆಕ್ಟ್ ಅನ್ನೋ ಇನ್ನೊಂದು ದೊಡ್ಡ ಟ್ರಯಲ್‌ನಲ್ಲಿ ದಿನಕ್ಕೆ 400 ಯೂನಿಟ್ ವಿಟಮಿನ್ ಇ ತಗೊಂಡ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ 17ರಷ್ಟು ಏರಿದ್ದು 2011ರಲ್ಲಿ ಗೊತ್ತಾಯ್ತು. ಅಂದ್ರೆ ಉಪಯೋಗ ಆಗಲಿಲ್ಲ ಅನ್ನೋದಕ್ಕಿಂತ ಮುಂದೆ ಹೋಗಿ ಕೆಲವರಿಗೆ ತೊಂದರೆನೇ ಆಯ್ತು.

ಇದಕ್ಕೆ ಎರಡು ಬೇರೆ ಬೇರೆ ಕಾರಣ ಇದೆ, ಇವೆರಡನ್ನ ಬೆರೆಸಿಬಿಡೋದರಿಂದಲೇ ಬಹಳ ಗೊಂದಲ. ಮೊದಲನೇದು ಕೆಮಿಸ್ಟ್ರಿ. ಒಂದು ವಿಟಮಿನ್ ಸಿ ಅಣು ಒಂದೆರಡು ಎಲೆಕ್ಟ್ರಾನ್ ಕೊಟ್ಟು ಮುಗಿದೋಗುತ್ತೆ, ಯಾರಾದ್ರೂ ಅದನ್ನ ಮತ್ತೆ ಚಾರ್ಜ್ ಮಾಡಿದ್ರೆ ಉಂಟು ಇಲ್ಲದಿದ್ರೆ ಇಲ್ಲ. ವೇಗನೂ ಸಾಲಲ್ಲ, ಸೂಪರ್‌ಆಕ್ಸೈಡ್ ಮೇಲೆ ಎಸ್‌ಒಡಿ ಕೆಲಸ ಮಾಡೋ ವೇಗ ವಿಟಮಿನ್ ಸಿಗಿಂತ ಸಾವಿರಾರು ಪಟ್ಟು ಜಾಸ್ತಿ. ಎಸ್‌ಒಡಿನೇ ಇಂಜೆಕ್ಷನ್ ಮಾಡೋಣ ಅಂದ್ರೆ ಆ ಪ್ರೋಟೀನ್ ರಕ್ತದಲ್ಲಿ ನಿಮಿಷಗಳ ಲೆಕ್ಕದಲ್ಲಿ ಕಿಡ್ನಿ ಮೂಲಕ ಹೊರಗೆ ಹೋಗುತ್ತೆ, ಸೆಲ್ ಒಳಗಂತೂ ಸುಲಭವಾಗಿ ನುಗ್ಗಲ್ಲ. ನ್ಯಾನೋ ಕಣ ಬಗೆಹರಿಸೋದು ಈ ಮೊದಲನೇ ಸಮಸ್ಯೆನ, ಅದೂ ಬಹಳ ಚೆನ್ನಾಗಿ.

ಸೀರಿಯಂ ಆಕ್ಸೈಡ್ ತಗೊಳ್ಳಿ. ಇದರ ದಪ್ಪ ಪುಡಿನ ಗಾಜು, ಲೆನ್ಸು ಪಾಲಿಶ್ ಮಾಡೋಕೆ ಬಳಸ್ತಾರೆ, ಕಾರಿನ ಹೊಗೆ ಶುದ್ಧ ಮಾಡೋ ಕನ್ವರ್ಟರ್‌ನಲ್ಲೂ ಇದೆ, ಅಲ್ಲಿ ಆಕ್ಸಿಜನ್ ಜಾಸ್ತಿ ಇದ್ದಾಗ ಹಿಡಿದಿಟ್ಟು ಕಮ್ಮಿ ಆದಾಗ ಬಿಟ್ಟುಕೊಡೋದೇ ಇದರ ಕೆಲಸ. ಅದೇ ಗುಣ ಸೆಲ್ ಒಳಗೆ ಬೇಕು ನಮಗೆ. ಸೀರಿಯಂ ಪ್ಲಸ್ ಮೂರು, ಪ್ಲಸ್ ನಾಲ್ಕು ಅಂತ ಎರಡು ಸ್ಥಿತಿಯಲ್ಲಿ ಇರಬಲ್ಲದು, ಆಚೆಗೊಂದ್ಸಲ ಈಚೆಗೊಂದ್ಸಲ ಜಾರ್ತಾ ಒಂದು ಕಡೆ ಸೂಪರ್‌ಆಕ್ಸೈಡ್ ಮುಗಿಸುತ್ತೆ, ಇನ್ನೊಂದು ಕಡೆ ಪೆರಾಕ್ಸೈಡ್ ಮುಗಿಸುತ್ತೆ, ಮತ್ತೆ ತಾನು ಮೊದಲಿದ್ದ ಹಾಗೇ ಆಗುತ್ತೆ. ದಪ್ಪ ಪುಡಿಯಲ್ಲಿ ಹೆಚ್ಚಿನ ಪರಮಾಣುಗಳು ಕಣದ ಹೊಟ್ಟೆಯೊಳಗೆ ಹೂತುಹೋಗಿರ್ತವೆ, ಮೂರರಿಂದ ಐದು ನ್ಯಾನೋಮೀಟರ್ ಕಣ ಮಾಡಿದ್ರೆ ಬಹಳಷ್ಟು ಪರಮಾಣು ಮೇಲ್ಮೈಗೇ ಬರ್ತವೆ, ಜೊತೆಗೆ ಹರಳಲ್ಲಿ ಆಕ್ಸಿಜನ್ ಇಲ್ಲದ ಖಾಲಿ ಜಾಗಗಳು ಜಾಸ್ತಿಯಾಗ್ತವೆ, ಕೆಲಸ ನಡೆಯೋದೇ ಆ ಜಾಗಗಳ ಹತ್ರ. ಪ್ಲಸ್ ಮೂರು ಜಾಸ್ತಿ ಇದ್ರೆ ಎಸ್‌ಒಡಿ ಥರ ವರ್ತಿಸುತ್ತೆ, ಪ್ಲಸ್ ನಾಲ್ಕು ಜಾಸ್ತಿ ಇದ್ರೆ ಕ್ಯಾಟಲೇಸ್ ಥರ. ಹೀಗೆ ಕಿಣ್ವದ ಕೆಲಸ ಮಾಡೋ ಕಣಗಳಿಗೆ ನ್ಯಾನೋಜೈಮ್ ಅಂತಾರೆ. 2007ರಲ್ಲಿ ಚೀನಾದ ಯಾನ್ ಶಿಯುನ್ ಅವರ ತಂಡ ಸಾಮಾನ್ಯ ಕಬ್ಬಿಣದ ಆಕ್ಸೈಡ್ ಕಣಕ್ಕೇ ಪೆರಾಕ್ಸಿಡೇಸ್ ಕಿಣ್ವದ (ಪೆರಾಕ್ಸೈಡ್ ಬಳಸಿ ಬೇರೆ ವಸ್ತುನ ಆಕ್ಸಿಡೈಸ್ ಮಾಡೋ ಕಿಣ್ವ) ಗುಣ ಇದೆ ಅಂತ ತೋರಿಸಿದ ಮೇಲೆ ಈ ಕ್ಷೇತ್ರಕ್ಕೆ ಬಿರುಸು ಬಂತು. ಈಗ ಮ್ಯಾಂಗನೀಸ್ ಆಕ್ಸೈಡ್, ಪ್ಲಾಟಿನಂ, ಸೆಲೆನಿಯಂ, ಪ್ರಷ್ಯನ್ ಬ್ಲೂ, ಕಾರ್ಬನ್ ಡಾಟ್, ನಮ್ಮ ಚರ್ಮದ ಮೆಲನಿನ್ ಹೋಲೋ ಪಾಲಿಡೋಪಮೀನ್, ಎಲ್ಲವನ್ನೂ ಸ್ಟೆಮ್ ಸೆಲ್ ಮೇಲೆ ಹಾಕಿ ನೋಡ್ತಿದಾರೆ. ಡಿಶ್‌ನಲ್ಲಿ ಸೆಲ್‌ಗಳಿಗೆ ಪೆರಾಕ್ಸೈಡ್ ಹಾಕಿ ಬೇಕಂತಲೇ ಮುಪ್ಪು ಬರಿಸಿ, ಮೊದಲೇ ಇಂಥ ಕಣ ಕೊಟ್ಟಿದ್ದ ಸೆಲ್‌ಗಳ ಜೊತೆ ಹೋಲಿಸಿದ್ರೆ, ಮುಪ್ಪಿನ ಗುರುತಾದ ನೀಲಿ ಬಣ್ಣ ಕಮ್ಮಿ ಬರುತ್ತೆ, ಸೆಲ್ ಒಡೆಯೋದನ್ನ ನಿಲ್ಲಿಸೋ ಪಿ16, ಪಿ21 ಅನ್ನೋ ಪ್ರೋಟೀನ್‌ಗಳೂ ಇಳಿಯುತ್ತವೆ. ಇಷ್ಟು ನಿಜ, ಬೇರೆ ಬೇರೆ ಲ್ಯಾಬ್‌ಗಳಲ್ಲಿ ಬೇರೆ ಬೇರೆ ಕಣದಲ್ಲಿ ಬಂದಿರೋ ಫಲಿತಾಂಶ.

ಇಲ್ಲಿ ಒಂದು ಪದ ಗಮನಿಸಿ. ಮುಪ್ಪನ್ನ ನಿಧಾನ ಮಾಡೋದು ಬೇರೆ, ಬಂದ ಮುಪ್ಪನ್ನ ವಾಪಸ್ ಕಳಿಸೋದು ಬೇರೆ. ಒಡೆಯೋದು ನಿಲ್ಲಿಸಿ ಚಪ್ಪಟೆಯಾಗಿ ಕೂತ ಸೆಲ್ಲಿಗೆ ಆಮೇಲೆ ಎಷ್ಟು ಆಂಟಿಆಕ್ಸಿಡೆಂಟ್ ಸುರಿದ್ರೂ ಟೆಲೋಮಿಯರ್ ಬೆಳೆಯಲ್ಲ, ಪಿ16 ಹಾಕಿದ ಬೀಗ ತೆಗೆಯಲ್ಲ. ಮತ್ತೆ ಎಳೇದಾಗುತ್ತೆ ಅನ್ನೋ ಮಾತು ಯಾರ ಬಾಯಲ್ಲಿ ಬಂದ್ರೂ ಅಲ್ಲೇ ನಿಲ್ಲಿಸಿ ಕೇಳ್ಬೇಕು.

ಈಗ ಎರಡನೇ ಕಾರಣ. ನಾನು ಈ ಉತ್ತರ ಬರೆಯೋಕೆ ಕೂತಿದ್ದೇ ಇದಕ್ಕೆ. ಸೆಲ್ ಒಳಗಿನ ಆಕ್ಸಿಡೆಂಟ್ ಅನ್ನೋದು ಗುಡಿಸಿ ಹಾಕಬೇಕಾದ ಕಸ ಅಲ್ಲ, ಸೆಲ್ಲು ಮಾತಾಡೋ ಭಾಷೆ. ಹೈಡ್ರೋಜನ್ ಪೆರಾಕ್ಸೈಡ್ ಸಣ್ಣ ಪ್ರಮಾಣದಲ್ಲಿ ಇದ್ರೇನೇ ಎಷ್ಟೋ ಸಿಗ್ನಲ್ ನಡೆಯೋದು, ಅಪಾಯ ಬಂದಿದೆ ರಿಪೇರಿ ಶುರು ಮಾಡು ಅನ್ನೋ ಸುದ್ದಿ ಹೋಗೋದೇ ಅದರ ಮೂಲಕ. 2009ರಲ್ಲಿ ಹಣ್ಣಿನ ನೊಣಗಳಲ್ಲಿ ತೋರಿಸಿದ್ರು, ರಕ್ತದ ಮೂಲಕೋಶಗಳು ಬಲಿತು ಬೇರೆ ಸೆಲ್ ಆಗೋಕೆ ಒಂದಿಷ್ಟು ಆಕ್ಸಿಡೆಂಟ್ ಇರಲೇಬೇಕು, ತೆಗೆದುಬಿಟ್ರೆ ಅವು ಮುಂದೆ ಹೋಗಲ್ಲ. 2011ರಲ್ಲಿ ಇಲಿ ಮೆದುಳಿನ ನರ ಸ್ಟೆಮ್ ಸೆಲ್‌ಗಳನ್ನ ನೋಡಿದ್ರೆ ರಕ್ತದ ಸ್ಟೆಮ್ ಸೆಲ್‌ಗೆ ಪೂರಾ ಉಲ್ಟಾ, ಇವಕ್ಕೆ ತಮ್ಮನ್ನ ತಾವು ಉಳಿಸ್ಕೊಂಡು ಒಡೆಯೋಕೆ ಆಕ್ಸಿಡೆಂಟ್ ಜಾಸ್ತಿನೇ ಬೇಕು. ನನ್ನ ಮನಸ್ಸಲ್ಲಿ ಗಟ್ಟಿಯಾಗಿ ಉಳಿದಿರೋದು 2010ರ ಒಂದು ಕೆಲಸ. ಹೃದಯದ ಸ್ಟೆಮ್ ಸೆಲ್ ಬೆಳೆಸೋವಾಗ ಆಂಟಿಆಕ್ಸಿಡೆಂಟ್ ತುಂಬಾ ಹಾಕಿದ್ರೆ ಸೆಲ್‌ಗಳ ಡಿಎನ್‌ಎ ರಿಪೇರಿ ವ್ಯವಸ್ಥೆಯೇ ಮಂಕಾಗಿ ಕ್ರೋಮೋಸೋಮ್ ಸಂಖ್ಯೆ ಏರುಪೇರಾದ ಸೆಲ್‌ಗಳು ಜಾಸ್ತಿಯಾದ್ವು. ಮೇಲೆ ಹೇಳಿದ ಎಟಿಎಂ ಇದೆಯಲ್ಲ, ಡಿಎನ್‌ಎ ಕಾಯೋದು ಅದೇ, ಅದನ್ನ ಎಚ್ಚರವಾಗಿ ಇಡೋದಕ್ಕೂ ಸ್ವಲ್ಪ ಆಕ್ಸಿಡೆಂಟ್ ಬೇಕು. ನೇಕೆಡ್ ಮೋಲ್ ರ್‍ಯಾಟ್ ಅನ್ನೋ ಪ್ರಾಣಿ ಇಲಿ ಗಾತ್ರದ್ದು, 30 ವರ್ಷದ ಮೇಲೂ ಬದುಕುತ್ತೆ, ಮೈತುಂಬ ಆಕ್ಸಿಡೇಟಿವ್ ಡ್ಯಾಮೇಜ್ ಇಟ್ಕೊಂಡೇ ಬದುಕುತ್ತೆ. ಆಕ್ಸಿಡೆಂಟ್ ಕಮ್ಮಿ ಅಂದ್ರೆ ಆಯಸ್ಸು ಜಾಸ್ತಿ ಅನ್ನೋ ಸರಳ ಲೆಕ್ಕ ಎಲ್ಲ ಕಡೆ ಕೂಡಲ್ಲ.

ಈಗ ಎರಡೂ ಕಾರಣ ಒಟ್ಟಿಗೆ ಇಟ್ಟು ನೋಡಿ. ನ್ಯಾನೋ ಕಣದ ದೊಡ್ಡ ಗುಣ ಏನು, ಮುಗಿದೋಗಲ್ಲ, ಮತ್ತೆ ಮತ್ತೆ ಕೆಲಸ ಮಾಡುತ್ತೆ. ವಿಟಮಿನ್ ಸಿ ಜಾಸ್ತಿಯಾದ್ರೆ ಮೂತ್ರದಲ್ಲಿ ಹೋಗುತ್ತೆ, ಮಾತ್ರೆ ನಿಲ್ಲಿಸಿದ್ರೆ ನಿಂತೋಯ್ತು. ಸೆಲ್ ಒಳಗೆ ಕೂತ ಸೀರಿಯಂ ಕಣಕ್ಕೆ ಯಾವಾಗ ನಿಲ್ಲಿಸಬೇಕು ಅನ್ನೋದೇ ಗೊತ್ತಿಲ್ಲ. ಅದನ್ನ ನಮಗೆ ಬೇಕಾದ ಹಾಗೆ ಮಾಡಿರೋ ಗುಣನೇ ಅದರ ಅಪಾಯನೂ ಹೌದು. ಸೆಲ್ಲಿನ ಸ್ವಂತ ಕಿಣ್ವಗಳನ್ನ ನೋಡಿ, ಬೇಕಾದಾಗ ಎನ್‌ಆರ್‌ಎಫ್2 ಅನ್ನೋ ಸ್ವಿಚ್ ಮೂಲಕ ಜಾಸ್ತಿ ಮಾಡ್ಕೊಳ್ಳುತ್ತೆ, ಬೇಡ ಅಂದಾಗ ಕರಗಿಸಿಬಿಡುತ್ತೆ. ಕಣಕ್ಕೆ ಅಂಥ ಲಗಾಮು ಇಲ್ಲ.

ಇನ್ನೊಂದು ವಿಷಯ, ಕಣ ಎಲ್ಲಿ ಕೂರುತ್ತೆ ಅನ್ನೋದರ ಮೇಲೆ ಅದರ ಸ್ವಭಾವನೇ ಬದಲಾಗುತ್ತೆ. ಸೆಲ್ಲು ಕಣವನ್ನ ನುಂಗಿ ಲೈಸೋಸೋಮ್ ಅನ್ನೋ ಚೀಲಕ್ಕೆ ಹಾಕುತ್ತೆ, ಅಲ್ಲಿ ಪಿಎಚ್ 4.5ರಿಂದ 5, ಆಮ್ಲ. ಕಬ್ಬಿಣದ ಆಕ್ಸೈಡ್ ಕಣ ತಟಸ್ಥ ಪಿಎಚ್‌ನಲ್ಲಿ ಕ್ಯಾಟಲೇಸ್ ಥರ ಪೆರಾಕ್ಸೈಡ್ ಒಡೆಯುತ್ತೆ, ಆಮ್ಲದಲ್ಲಿ ಪೆರಾಕ್ಸಿಡೇಸ್ ಥರ ವರ್ತಿಸಿ ಹೈಡ್ರಾಕ್ಸಿಲ್ ರ್‍ಯಾಡಿಕಲ್ ಹುಟ್ಟಿಸುತ್ತೆ. ಯಾವುದನ್ನ ತಡೆಯೋಕೆ ಹೋದ್ವೋ ಅದನ್ನೇ ತಯಾರಿಸೋ ಹಾಗಾಯ್ತು. ಸೀರಿಯಂ ಕಣನೂ ಆಮ್ಲದಲ್ಲಿ ಬೇರೆ ವಸ್ತುಗಳನ್ನ ಆಕ್ಸಿಡೈಸ್ ಮಾಡೋ ಆಕ್ಸಿಡೇಸ್ ಕಿಣ್ವದ ಥರ ಆಗಬಲ್ಲದು. ಅದಕ್ಕೇ ಕೆಲವರು ಕಣದ ಮೈಗೆ ಟಿಪಿಪಿ ಅನ್ನೋ ಪಾಸಿಟಿವ್ ಚಾರ್ಜ್ ಇರೋ ಅಣು ಅಂಟಿಸಿ ಸೀದಾ ಮೈಟೋಕಾಂಡ್ರಿಯಾಗೆ ಕಳಿಸೋ ಪ್ರಯತ್ನ ಮಾಡ್ತಾರೆ, ಒಳ್ಳೇ ದಾರಿ ಅದು. ಫಾಸ್ಫೇಟ್ ವಿಷಯ ಇನ್ನೂ ಕಮ್ಮಿ ಜನ ಮಾತಾಡ್ತಾರೆ. ಸೀರಿಯಂ ಕಣದ ಮೇಲ್ಮೈಗೆ ಫಾಸ್ಫೇಟ್ ಅಂಟಿದ್ರೆ ಎಸ್‌ಒಡಿ ಗುಣ ಕುಗ್ಗುತ್ತೆ, ನಾವು ಸೆಲ್ ಬೆಳೆಸೋ ದ್ರವದಲ್ಲೂ ಫಾಸ್ಫೇಟ್ ಇದೆ, ಮೈಯೊಳಗಂತೂ ಎಲ್ಲೆಲ್ಲೂ ಇದೆ. ಶುದ್ಧ ನೀರಲ್ಲಿ ಅಳೆದ ಕಣದ ಶಕ್ತಿನ ಸೆಲ್ಲೊಳಗಿನ ಶಕ್ತಿ ಅಂದುಕೊಳ್ಳೋ ಹಾಗಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ನನಗೆ ಈ ಕಣಗಳ ಮೇಲೆ ನಂಬಿಕೆ ಇದೆ, ಆದ್ರೆ ಜಾಗ ಬೇರೆ. ಅವುಗಳ ಮೊದಲ ಸರಿಯಾದ ಜಾಗ ಡಿಶ್ಶು. ಸೆಲ್ ಥೆರಪಿಯಲ್ಲಿ ಒಬ್ಬ ರೋಗಿಗೆ ತೂಕದ ಪ್ರತಿ ಕೆಜಿಗೆ ಹತ್ತಿಪ್ಪತ್ತು ಲಕ್ಷ ಸೆಲ್ ಬೇಕಾಗೋದು ಸಾಮಾನ್ಯ, ಮಜ್ಜೆಯಲ್ಲಿ ಸಿಗೋದು ಬಹಳ ಕಮ್ಮಿ, ಹಾಗಾಗಿ ಹೊರಗೆ ಬೆಳೆಸಲೇಬೇಕು, ಬೆಳೆಸ್ತಾ ಬೆಳೆಸ್ತಾ ವಯಸ್ಸಾಗುತ್ತೆ. ಮಜ್ಜೆಯೊಳಗೆ ಆಕ್ಸಿಜನ್ ಶೇ 1ರಿಂದ 4ರ ಸುತ್ತ ಇರುತ್ತೆ, ಸೆಲ್ ಬೆಳೆಸೋ ನಮ್ಮ ಸಾಮಾನ್ಯ ಪೆಟ್ಟಿಗೆ, ಅಂದ್ರೆ ಇನ್‌ಕ್ಯುಬೇಟರ್‌ನಲ್ಲಿ ಹತ್ತಿರ ಹತ್ತಿರ ಶೇ 20. ಗುಹೆಯಲ್ಲಿ ಹುಟ್ಟಿದ್ದನ್ನ ಬಟಾಬಯಲಲ್ಲಿ ತಂದು ನಿಲ್ಲಿಸಿದ ಹಾಗೆ. 2003ರಲ್ಲಿ ಜುಡಿತ್ ಕಂಪಿಸಿ ಅವರ ತಂಡ ಇಲಿಯ ಫೈಬ್ರೋಬ್ಲಾಸ್ಟ್‌ಗಳು ಶೇ 20 ಆಕ್ಸಿಜನ್‌ನಲ್ಲಿ ಬೇಗ ಮುಪ್ಪಾಗಿ, ಶೇ 3ರಲ್ಲಿ ಹಾಗಾಗದೆ ಮುಂದುವರಿಯೋದನ್ನ ತೋರಿಸಿದ್ರು. ಹಾಗಾಗಿ ಡಿಶ್ಶಿನ ಮುಪ್ಪಿನಲ್ಲಿ ಒಂದು ಪಾಲು ನಾವೇ ತಂದಿಟ್ಟದ್ದು, ಅದನ್ನ ಕಣದಿಂದ ಕಮ್ಮಿ ಮಾಡೋದು ತರ್ಕಕ್ಕೆ ಸರಿಯಾಗಿದೆ. ಇನ್ನೊಂದು ಅನುಕೂಲ ಇದೆ ನೋಡಿ, ಸೆಲ್ ಒಡೆದಾಗ ಒಳಗಿರೋ ಕಣಗಳು ಎರಡು ಮರಿಗಳಿಗೂ ಹಂಚಿಹೋಗ್ತವೆ, ಹತ್ತು ಸಲ ಒಡೆದ್ರೆ ಪ್ರತಿ ಸೆಲ್ಲಲ್ಲಿ ಉಳಿಯೋದು ಸರಾಸರಿ ಸಾವಿರದಲ್ಲಿ ಒಂದು ಪಾಲು. ರಕ್ಷಣೆ ಬೇಕಾದಾಗ ಇತ್ತು, ರೋಗಿಗೆ ಕೊಡೋಷ್ಟರಲ್ಲಿ ಹೆಚ್ಚುಕಡಿಮೆ ಖಾಲಿ. ಹಾವೂ ಸಾಯಬೇಕು ಕೋಲೂ ಮುರೀಬಾರದು ಅಂತಾರಲ್ಲ, ಹಾಗೆ. ಮೈಯೊಳಗೆ ಮಲಗಿರೋ ಸ್ಟೆಮ್ ಸೆಲ್ ಒಡೆಯೋದೇ ಅಪರೂಪ, ಅಲ್ಲಿ ಹೋಗಿ ಕೂತ ಕಣ ಹಾಗೇ ಕೂತಿರುತ್ತೆ.

ಒಂದು ಅಸಮಾಧಾನನೂ ಹೇಳ್ತೀನಿ. ಇನ್‌ಕ್ಯುಬೇಟರ್‌ನ ಆಕ್ಸಿಜನ್ ಕಮ್ಮಿ ಮಾಡಿದ್ರೇನೇ ಎಷ್ಟೋ ಮುಪ್ಪು ತಪ್ಪುತ್ತೆ ಅಂತ ಗೊತ್ತಿದ್ದೂ, ನಾನು ಓದಿರೋ ಎಷ್ಟೋ ನ್ಯಾನೋ ಪೇಪರ್‌ಗಳು ಶೇ 20ರಲ್ಲೇ ಬೆಳೆಸಿ, ಮೇಲೆ ಪೆರಾಕ್ಸೈಡ್ ಸುರಿದು, ಅದರ ಮೇಲೆ ಕಣ ಗೆದ್ದಿತು ಅಂತಾವೆ. ಶೇ 3 ಆಕ್ಸಿಜನ್‌ನಲ್ಲಿ ಸುಮ್ಮನೆ ಬೆಳೆಸಿದ ಸೆಲ್ ಜೊತೆ ಹೋಲಿಸಿ ನೋಡಿದ್ರೆ ತಾನೇ ಕಣದ ನಿಜವಾದ ಬೆಲೆ ತಿಳಿಯೋದು? ಅದನ್ನ ಮಾಡಿರೋ ಪೇಪರ್ ಕಂಡ್ರೆ ನನಗೆ ಬಹಳ ಖುಷಿಯಾಗುತ್ತೆ, ಅದನ್ನ ಕೂತು ಓದ್ತೀನಿ.

ಅಳತೆ ವಿಷಯಕ್ಕೆ ನನ್ನದೇ ಅನುಭವ ಒಂದಿದೆ. ಡಿಸಿಎಫ್ ಅನ್ನೋ ಬಣ್ಣ ಇದೆ, ಆಕ್ಸಿಡೆಂಟ್ ಜಾಸ್ತಿ ಇದ್ರೆ ಹಸಿರಾಗಿ ಹೊಳೆಯುತ್ತೆ. ನಾವು ಕಣ ಹಾಕಿದಾಗ ಹೊಳಪು ಅರ್ಧಕ್ಕಿಂತ ಕೆಳಗೆ ಬಂತು, ಲ್ಯಾಬಲ್ಲಿ ಎಲ್ಲರಿಗೂ ಹಬ್ಬ. ಮೂರು ತಿಂಗಳಾದ ಮೇಲೆ ಜೂನಿಯರ್ ಹುಡುಗಿಯೊಬ್ಬಳು ಸೆಲ್ಲೇ ಇಲ್ಲದ ಡಿಶ್‌ನಲ್ಲಿ ಬರೀ ಹೊಳೆಯೋ ಬಣ್ಣ ಮತ್ತೆ ಕಣ ಹಾಕಿ ನೋಡಿದಳು, ಅಲ್ಲೂ ಹೊಳಪು ಇಳೀತು. ಕಣ ಬೆಳಕನ್ನೇ ನುಂಗ್ತಿತ್ತು, ಸೆಲ್ಲಿಗೇನೂ ಉಪಕಾರ ಮಾಡ್ತಿರಲಿಲ್ಲ ಅಂತಲ್ಲ, ಆದ್ರೆ ಎಷ್ಟು ಮಾಡ್ತಿತ್ತು ಅಂತ ನಮ್ಮ ಅಂಕಿಗಳಿಂದ ಹೇಳೋಕೆ ಸಾಧ್ಯನೇ ಇರಲಿಲ್ಲ. ಅಷ್ಟೂ ಡೇಟಾ ಬದಿಗಿಟ್ಟು ಮೊದಲಿಂದ ಮಾಡಿದ್ವಿ. ಆವತ್ತಿಂದ ಯಾವ ಪೇಪರ್ ತಗೊಂಡ್ರೂ ಮೊದಲು ಹುಡುಕೋದು ಸೆಲ್ ಇಲ್ಲದ ಕಂಟ್ರೋಲ್ (ಹೋಲಿಕೆಗೆ ಮಾಡೋ ಪರೀಕ್ಷೆ) ಎಲ್ಲಿದೆ ಅಂತ, ಆಮೇಲೆ ಅದೇ ಗಾತ್ರದ ಆದ್ರೆ ಕೆಲಸ ಮಾಡದ ಕಣ ಹಾಕಿ ನೋಡಿದಾರಾ ಅಂತ, ಆಮೇಲೆ ಕಣದಲ್ಲಿ ಬ್ಯಾಕ್ಟೀರಿಯಾದ ಎಂಡೋಟಾಕ್ಸಿನ್ ಅನ್ನೋ ವಿಷ ಸೇರಿಲ್ಲ ಅಂತ ಪರೀಕ್ಷೆ ಮಾಡಿದಾರಾ ಅಂತ. ನೀವೂ ಓದೋವಾಗ ಇವನ್ನೇ ಹುಡುಕಿ.

ಮೈಯೊಳಗೆ ಕೊಡೋ ಮಾತಿಗೆ ಬಂದ್ರೆ ತೊಂದರೆಗಳು ಬೇರೆ ಥರದ್ದು. ರಕ್ತಕ್ಕೆ ಬಿಟ್ಟ ಕಣದ ಮೈಗೆ ಕ್ಷಣದಲ್ಲೇ ಪ್ರೋಟೀನ್‌ಗಳು ಅಂಟ್ಕೊಳ್ತವೆ, ಲಿವರ್ ಮತ್ತೆ ಸ್ಪ್ಲೀನ್‌ನ ಕಾವಲು ಸೆಲ್‌ಗಳು ಅವನ್ನ ಬಹುಪಾಲು ಹಿಡಿದುಹಾಕ್ತವೆ. ಕ್ಯಾನ್ಸರ್ ಗಡ್ಡೆಗೆ ಗುರಿಯಿಟ್ಟು ಕಳಿಸಿದ ನ್ಯಾನೋ ಕಣಗಳ ಬಗ್ಗೆ ಹತ್ತು ವರ್ಷದ ಪ್ರಯೋಗಗಳನ್ನ ಒಟ್ಟು ಮಾಡಿ 2016ರಲ್ಲಿ ಲೆಕ್ಕ ಹಾಕಿದ್ರು, ಗಡ್ಡೆ ತಲುಪಿದ್ದು ಮಧ್ಯಮ ಲೆಕ್ಕದಲ್ಲಿ (ಮೀಡಿಯನ್) ಕೊಟ್ಟದ್ದರ ಶೇ 0.7. ಮಜ್ಜೆಯ ಮೂಲೆಯಲ್ಲಿ ಅಡಗಿರೋ, ಲಕ್ಷಕ್ಕೆ ಬೆರಳೆಣಿಕೆಯಷ್ಟಿರೋ ಸ್ಟೆಮ್ ಸೆಲ್‌ಗೇ ಹುಡುಕಿ ತಲುಪಿಸೋದು ಇನ್ನೂ ಕಷ್ಟ. ಇನ್ನು ಕ್ಯಾನ್ಸರ್ ಭಯ, ಇದನ್ನ ನಾನು ಲಘುವಾಗಿ ತಗೊಳ್ಳಲ್ಲ. ಸೆಲ್ಲು ಮುಪ್ಪಾಗಿ ನಿಲ್ಲೋದು ಒಂದು ಬ್ರೇಕ್ ಕೂಡ, ಕೆಟ್ಟ ಡಿಎನ್‌ಎ ಇಟ್ಕೊಂಡು ಒಡೀತಾ ಹೋಗಬೇಡ ಅನ್ನೋ ಬ್ರೇಕ್. ಶ್ವಾಸಕೋಶದಲ್ಲಿ ಗಡ್ಡೆ ಶುರುವಾಗಿರೋ ಇಲಿಗಳಿಗೆ ಎನ್-ಅಸೆಟೈಲ್ ಸಿಸ್ಟೀನ್ ಮತ್ತೆ ವಿಟಮಿನ್ ಇ ಕೊಟ್ರೆ ಗಡ್ಡೆ ಬೇಗ ಬೆಳೆದದ್ದು 2014ರಲ್ಲಿ ವರದಿಯಾಯ್ತು, ಯಾಕಂದ್ರೆ ಆಂಟಿಆಕ್ಸಿಡೆಂಟ್ ಒಳ್ಳೇ ಸೆಲ್ಲು ಕೆಟ್ಟ ಸೆಲ್ಲು ಅಂತ ಭೇದ ಮಾಡಲ್ಲ, ಸ್ಟ್ರೆಸ್ಸಲ್ಲಿರೋ ಗಡ್ಡೆ ಸೆಲ್‌ನೂ ಸಮಾಧಾನ ಮಾಡಿಬಿಡುತ್ತೆ. ಹಾಗಾಗಿ ಮೈಗೆ ಅಂತ ಆದ್ರೆ ನನಗೆ ಒಪ್ಪಿಗೆಯಾಗೋದು ಒಂದೇ ಜಾಗಕ್ಕೆ ಸೀಮಿತವಾದ ಬಳಕೆ, ಅಂದ್ರೆ ಗಾಯದ ಮೇಲೆ ಹಾಕೋ ಜೆಲ್, ಮೂಳೆ ಕೂಡಿಸೋಕೆ ಇಡೋ ಚೌಕಟ್ಟು, ಅದರೊಳಗೆ ಕಣ ಕಟ್ಟಿಹಾಕಿ, ಅಲ್ಲಿಗೆ ಬರೋ ಸ್ಟೆಮ್ ಸೆಲ್‌ಗಳಿಗೆ ಮೊದಲ ಕೆಲವು ದಿನದ ಬೆಂಕಿ ತಪ್ಪಿಸೋದು. ಪ್ರಾಣಿಗಳಲ್ಲಿ ಇಂಥ ಕೆಲಸ ಜೋರಾಗಿ ನಡೀತಿದೆ. ಪ್ರಷ್ಯನ್ ಬ್ಲೂ ಬಗ್ಗೆ, ಅದು ಆಗಲೇ ಒಪ್ಪಿಗೆ ಪಡೆದ ಔಷಧಿ ಅಲ್ವಾ ಅಂತ ಕೇಳ್ತಾರೆ, ನಿಜ, 2003ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿದೆ, ಆದ್ರೆ ಸೀಸಿಯಂ, ಥ್ಯಾಲಿಯಂ ವಿಷ ಸೇರಿದಾಗ ಕರುಳಲ್ಲಿ ಅದನ್ನ ಹಿಡಿದು ಹೊರಗೆ ಹಾಕೋ ಕ್ಯಾಪ್ಸೂಲ್ ಆಗಿ. ರಕ್ತಕ್ಕೆ ಕೊಡೋ ನ್ಯಾನೋ ಕಣಕ್ಕೆ ಆ ಒಪ್ಪಿಗೆ ಅನ್ವಯ ಆಗಲ್ಲ.

ಈಗ ಬಾಟಲಿ. ಸಿ60 ಅಂದ್ರೆ 60 ಕಾರ್ಬನ್ ಪರಮಾಣು ಸೇರಿ ಫುಟ್‌ಬಾಲ್ ಆಕಾರದಲ್ಲಿರೋ ಫುಲರೀನ್, 1985ರಲ್ಲಿ ಕಂಡುಹಿಡಿದ್ರು, 1996ರಲ್ಲಿ ಅದಕ್ಕೆ ಕೆಮಿಸ್ಟ್ರಿ ನೊಬೆಲ್ ಬಂತು. 2012ರಲ್ಲಿ ಫ್ರಾನ್ಸ್‌ನ ಒಂದು ತಂಡ ಆಲಿವ್ ಎಣ್ಣೆಯಲ್ಲಿ ಸಿ60 ಕರಗಿಸಿ ಇಲಿಗಳಿಗೆ ಕೊಟ್ಟಿತು, ನೋಡೋಕೆ ಹೊರಟಿದ್ದು ವಿಷ ಆಗುತ್ತಾ ಅಂತ. ನೀರು ಕೊಟ್ಟ ಇಲಿಗಳು ಮಧ್ಯಮ 22 ತಿಂಗಳು, ಬರೀ ಎಣ್ಣೆ ಕೊಟ್ಟವು 26, ಸಿ60 ಎಣ್ಣೆ ಕೊಟ್ಟವು 42 ತಿಂಗಳು ಬದುಕಿದ್ವು ಅಂತ ಬರೆದ್ರು. ಈ 42 ಅನ್ನೋ ಅಂಕಿ ಹಿಡ್ಕೊಂಡೇ ಈ ಎಣ್ಣೆಯ ವ್ಯಾಪಾರ ನಿಂತಿರೋದು. ಆದ್ರೆ ಗುಂಪಿಗೆ ಇದ್ದದ್ದು ಆರಾರೇ ಇಲಿ. ಆಮೇಲೆ ಬೇರೆ ತಂಡ ಮೌಸ್ ಅನ್ನೋ ಚಿಕ್ಕ ಜಾತಿಯ ಇಲಿಗಳಲ್ಲಿ ಜೋಪಾನವಾಗಿ ಮಾಡಿ 2021ರಲ್ಲಿ ಪ್ರಕಟಿಸಿದ್ರಲ್ಲಿ ಆಯಸ್ಸು ಹೆಚ್ಚಲಿಲ್ಲ, ಅಷ್ಟೇ ಅಲ್ಲ, ಬೆಳಕಿಗೆ ಇಟ್ಟ ಸಿ60 ಎಣ್ಣೆ ಇಲಿಗಳಿಗೆ ವಿಷವಾಯ್ತು, ಸತ್ತೂ ಹೋದ್ವು. ಇದರಲ್ಲಿ ಆಶ್ಚರ್ಯ ಏನಿಲ್ಲ, ಕತ್ತಲಲ್ಲಿ ರ್‍ಯಾಡಿಕಲ್ ಹೀರೋ ಸಿ60 ಬೆಳಕು ಬಿದ್ರೆ ಸಿಂಗ್ಲೆಟ್ ಆಕ್ಸಿಜನ್ ಅನ್ನೋ ಬಲವಾದ ಆಕ್ಸಿಡೆಂಟ್‌ನ ಚೆನ್ನಾಗಿ ತಯಾರಿಸುತ್ತೆ ಅಂತ ಕೆಮಿಸ್ಟ್‌ಗಳಿಗೆ ಮೊದಲಿಂದಲೂ ಗೊತ್ತು. ನಿಮ್ಮ ಮನೆಗೆ ಬಂದ ಬಾಟಲಿ ಎಲ್ಲೆಲ್ಲಿ, ಎಷ್ಟು ದಿನ ಬೆಳಕಲ್ಲಿ ಇತ್ತೋ ಯಾರು ಹೇಳ್ತಾರೆ? ಸ್ಟೆಮ್ ಸೆಲ್ ಎಳೇದಾಗೋ ಮಾತಂತೂ 42 ತಿಂಗಳ ಆ ಪೇಪರ್‌ನಲ್ಲೂ ಇಲ್ಲ.

ಸ್ನೇಹಿತರು ಪ್ರೀತಿಯಿಂದಲೇ ತಂದಿರ್ತಾರೆ, ಅವರ ಮನಸ್ಸಿಗೆ ನೋವಾಗದ ಹಾಗೆ ಹೇಳಿ. ನಿಮ್ಮ ತಂದೆಯವರ ಮಂಡಿಗೆ ತೊಡೆ ಮುಂಭಾಗದ ಸ್ನಾಯು ಗಟ್ಟಿ ಮಾಡೋ ವ್ಯಾಯಾಮ, ತೂಕ ಜಾಸ್ತಿ ಇದ್ರೆ ಇಳಿಸೋದು, ಇವಕ್ಕೆ ಮನುಷ್ಯರಲ್ಲಿ ನಡೆದ ಟ್ರಯಲ್‌ಗಳ ಬಲ ಇದೆ, ಫಿಸಿಯೋಥೆರಪಿಸ್ಟ್ ಹತ್ರ ಒಂದ್ಸಲ ಸರಿಯಾಗಿ ಕಲಿತುಕೊಂಡ್ರೆ ಮನೆಯಲ್ಲೇ ಮಾಡಬಹುದು. ಎಣ್ಣೆ ಈಗಾಗಲೇ ಕುಡಿದಿದ್ರೆ ಎಷ್ಟು ದಿನ, ಎಷ್ಟು ಚಮಚ ಅಂತ ಬರೆದಿಟ್ಕೊಂಡು, ಬಿಪಿ ಶುಗರ್ ಮಾತ್ರೆಗಳ ಜೊತೆ ಇದರ ಹೆಸರನ್ನೂ ಡಾಕ್ಟರ್‌ಗೆ ಹೇಳಿ, ಬಾಟಲಿನೂ ತಗೊಂಡೋಗಿ ತೋರಿಸಿ, ಲಿವರ್ ಟೆಸ್ಟ್ ಬೇಕಾ ಬೇಡ್ವಾ ಅಂತ ಅವರು ನೋಡಿ ಹೇಳ್ತಾರೆ.